ಮೂರನೇ ಕಟ್ಟಡದ ಪಟ್ಟಿ

ಅವರು ಕಂಪ್ಯೂಟರುಗಳನ್ನು ಬೆನ್ನು ನೋಡಿ ಗುರುತು ಹಿಡಿಯುತ್ತಿದ್ದರು. "ಮುಂದಿನಿಂದ ಎಲ್ಲಾ ಒಂದೇ ಥರ ಡಾಕ್ಟ್ರೇ. ತಿರುಗಿಸಿ ನೋಡಿ, ಆಗ ಗೊತ್ತಾಗುತ್ತೆ ಯಾರ ಮನೇದು ಅಂತ" ಎಂದು ಮೇಜನ್ನು ಗೋಡೆಯಿಂದ ಒಂದು ಮೊಳ ಎಳೆದು, ಆ ಸಂದಿಯಲ್ಲಿ ತಮ್ಮ ಭಾರವಾದ ಮೈಯನ್ನು ತೂರಿಸಿ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಎದ್ದಾಗ ತಲೆಗೂದಲಿಗೆ ಜೇಡರ ಬಲೆ ಅಂಟಿರುತ್ತಿತ್ತು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲೇ ಒಂದು ಸಣ್ಣ ಸ್ಕ್ರೂಡ್ರೈವರ್. ಒಮ್ಮೆ ನಿರ್ದೇಶಕರ ಎದುರು ಸಹಿ ಹಾಕಲು ಜೇಬಿಗೆ ಕೈ ಹಾಕಿ, ಸ್ಕ್ರೂಡ್ರೈವರನ್ನೇ ಕಾಗದದ ಮೇಲೆ ಊರಿದ್ದರು ಎಂದು ನಾನು ಎಷ್ಟೋ ಜನರಿಗೆ ಹೇಳಿ ನಗಿಸಿದ್ದೇನೆ. ಅದನ್ನು ಕಣ್ಣಾರೆ ಕಂಡೆನೋ, ಯಾರೋ ಹೇಳಿದ್ದನ್ನು ಕಂಡವನಂತೆ ಹೇಳಿಕೊಂಡು ಬಂದೆನೋ, ಈಗ ಖಾತ್ರಿಯಿಲ್ಲ. ಒಂದೇ ಸಲ ಅಳೆದದ್ದನ್ನು ಅಳತೆ ಎನ್ನಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿ ಕಳಿಸಿದ್ದರು. ನನ್ನ ನೆನಪುಗಳೆಲ್ಲ ಒಂದೇ ಸಲ ಅಳೆದವು.

ಅವರು ಹೋದ ತಿಂಗಳು ನೋಯ್ಡಾದಲ್ಲಿ ತೀರಿಕೊಂಡರು. ನನಗೆ ತಿಳಿದದ್ದು ಎರಡು ವಾರ ಕಳೆದ ಮೇಲೆ, ಅವರ ಮಗಳು ಫೋನ್ ಮಾಡಿದಾಗ. ದೆಹಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಈಗ ಯಾವುದೋ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ.

"ಅಂಕಲ್, ಕನ್ನಡ ಸಂಘದ ಮ್ಯಾಗಜಿನ್‌ಗೆ ಪಪ್ಪಾ ಬಗ್ಗೆ ಕನ್ನಡದಲ್ಲಿ ಕುಛ್ ಬರೆದುಕೊಡ್ತೀರಾ? ಮಮ್ಮಿ ಓದ್ತಾರೆ. ನಂಗೆ ತೋ ಓದೋಕೆ ಬರಲ್ಲ."

"ಬರೀತೀನಮ್ಮ."

"ಆಫೀಸಲ್ಲಿ ಅವರ ಜೊತೆ ಜಾಸ್ತಿ ಇದ್ದಿದ್ದು ನೀವೇ ಅಲ್ವಾ. ಬಟ್ ಅಂಕಲ್, ಆ ಕಂಪ್ಯೂಟರ್ ವಾಲೀ ಗಲ್ತಿ ಇದೆಯಲ್ಲ, ಅದೊಂದು ಬೇಡ. ಪ್ಲೀಸ್. ಮಮ್ಮಿಗೆ ಬೇಜಾರಾಗುತ್ತೆ. ಹೆಸರೂ ಹಾಕ್ಬೇಡಿ, ಗೊತ್ತಿರೋರಿಗೆ ಗೊತ್ತಾಗುತ್ತೆ."

"ಆಯ್ತಮ್ಮ" ಎಂದುಬಿಟ್ಟೆ.

ಫೋನ್ ಇಟ್ಟ ಮೇಲೆ ಸಿಕ್ಕಿಬಿದ್ದಿದ್ದೇನೆ ಎಂದು ಅರಿವಾಯಿತು. ಆ ತಪ್ಪು ಅವರದಲ್ಲ, ನನ್ನದು. ಬಿಟ್ಟು ಬರೆದರೆ ಅದು ಅವರ ಹೆಸರಿನಲ್ಲೇ ಉಳಿಯುತ್ತದೆ. ಬರೆದರೆ ತಂದೆಯನ್ನು ಕಳೆದುಕೊಂಡ ಹುಡುಗಿಗೆ ಕೊಟ್ಟ ಮಾತು ಮುರಿಯುತ್ತದೆ.

ಎರಡು ಸಾವಿರದ ದಶಕದ ಆರಂಭ ಅದು. ಪಿಎಚ್.ಡಿ. ಮುಗಿಸಿ ಆ ಸಂಶೋಧನಾ ಸಂಸ್ಥೆಗೆ ಸೇರಿದ ನನ್ನನ್ನು ಯಾವ ಪ್ರಯೋಗಾಲಯಕ್ಕೂ ಕಳಿಸದೆ ಕಂಪ್ಯೂಟರ್ ವಿಭಾಗಕ್ಕೆ, ಅಂದರೆ ಅವರ ಕೈಕೆಳಗೆ, ಹಾಕಿದರು. ಎರಡು ವರ್ಷದ ಪ್ರೊಬೇಷನ್. ವಿಭಾಗವಿದ್ದದ್ದು ನೆಲಮಾಳಿಗೆಯಲ್ಲಿ. ಇದ್ದ ಒಂದು ಕಿಟಕಿಯನ್ನೂ ಏಸಿಯ ತಂಪು ಸೋರದಿರಲೆಂದು ಹಲಗೆ ಹೊಡೆದು ಮುಚ್ಚಿದ್ದರು. ಒಳಹೋಗಲು ಎರಡು ಬಾಗಿಲು. ಮೊದಲನೆಯದು ಮುಚ್ಚಿಕೊಳ್ಳುವವರೆಗೆ ಎರಡನೆಯದನ್ನು ತೆರೆಯಬಾರದು. ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಕತ್ತಲೆ. ದಿನಕ್ಕೆ ಹತ್ತು ಸಲ ಅಲ್ಲಿ ನಿಂತು, ಇಷ್ಟು ಓದಿದ್ದು ಇದಕ್ಕೇನಾ ಎಂದುಕೊಳ್ಳುತ್ತಿದ್ದೆ.

ಮೊದಲ ದಿನ ಅವರು ನನ್ನ ಸಂಶೋಧನೆಯ ವಿಷಯ ಕೇಳಿದರು. ಹತ್ತು ನಿಮಿಷ ವಿವರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡು, "ಬಹಳ ಒಳ್ಳೇದು. ಸ್ಕ್ರೂ ಬಿಚ್ಚೋಕೆ ಬರುತ್ತಾ?" ಎಂದರು. ಬರುವುದಿಲ್ಲ ಎಂದೆ. ಆವತ್ತಿನಿಂದ ನಾನು 'ಡಾಕ್ಟ್ರು' ಆದೆ. ಅವರು ತುಮಕೂರಿನ ಕಡೆಯವರು, ದೆಹಲಿಗೆ ಬಂದು ಮೂವತ್ತು ವರ್ಷವಾಗಿತ್ತು. ಹಿಂದಿಯಲ್ಲಿ ಬೈಯಲು ಬಾರದೆ, ತೀರಾ ಸಿಟ್ಟು ಬಂದರೆ ಎದುರಿನವರನ್ನು ಬಿಟ್ಟು ನನ್ನ ಕಡೆ ತಿರುಗಿ ಕನ್ನಡದಲ್ಲಿ ಬೈಯುತ್ತಿದ್ದರು. ಬೈಸಿಕೊಂಡವರು ನಾನೇ ಏನೋ ತಪ್ಪು ಮಾಡಿದ್ದೇನೆಂದು ನನ್ನನ್ನು ಕನಿಕರದಿಂದ ನೋಡುತ್ತಿದ್ದರು.

ಸಂಸ್ಥೆಗೆ ಮೂರು ಕಟ್ಟಡ. ಒಬ್ಬೊಬ್ಬ ವಿಜ್ಞಾನಿಯೂ ತನ್ನ ಯೋಜನೆಯಲ್ಲಿ ತನಗೆ ಬೇಕಾದ ಕಂಪ್ಯೂಟರ್ ತರಿಸಿಕೊಂಡಿದ್ದ. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುತ್ತಿರಲಿಲ್ಲ, ಒಂದು ಕೋಣೆಯಲ್ಲಿ ಉಳಿಸಿದ ಫ್ಲಾಪಿ ಪಕ್ಕದ ಕೋಣೆಯಲ್ಲಿ ತೆರೆಯುತ್ತಿರಲಿಲ್ಲ. ಇಡೀ ಸಂಸ್ಥೆಗೆ ಒಂದೇ ಬಗೆಯ ಯಂತ್ರ, ಒಂದೇ ಆಪರೇಟಿಂಗ್ ಸಿಸ್ಟಂ ಇರಬೇಕೆಂದು ಅವರು ವರ್ಷಗಟ್ಟಲೆ ಕಾಗದ ಬರೆದು, ನಿವೃತ್ತಿಗೆ ಸ್ವಲ್ಪ ಮೊದಲು ಆದೇಶ ಹೊರಡಿಸಿಕೊಂಡಿದ್ದರು. ಎಲ್ಲರೂ ಅದನ್ನು 'ಸ್ಟ್ಯಾಂಡರ್ಡ್' ಎಂದು ಕರೆಯುತ್ತಿದ್ದರು, ಸಾಮಾನ್ಯವಾಗಿ ಮುಖ ಕಿವುಚಿ.

ನಾನೂ ಕಿವುಚುತ್ತಿದ್ದೆ. ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ನಮ್ಮ ಜಗಳ ನಡೆಯುತ್ತಿತ್ತು.

"ಎಲ್ಲರಿಗೂ ಒಂದೇ ಅಳತೆ ಅಂಗಿ ಹೊಲಿಸಿದ ಹಾಗಾಯ್ತು ಸರ್ ಇದು. ವಿಜ್ಞಾನಿಗೆ ತನಗೆ ಬೇಕಾದ್ದು ಆರಿಸ್ಕೊಳ್ಳೋ ಸ್ವಾತಂತ್ರ್ಯ ಬೇಡ್ವಾ?"

"ಇರ್ಲಿ. ನಿಮ್ಮ ಥೀಸಿಸ್ಸಿನ ಲೆಕ್ಕ ಎಲ್ಲ ಯಾವ ಮಷಿನ್‌ನಲ್ಲಿ ಮಾಡಿದ್ರಿ?"

"ನಮ್ಮ ಡಿಪಾರ್ಟ್‌ಮೆಂಟಿಂದು."

"ಈಗ ತೆಗೆದು ತೋರಿಸಿ ನೋಡೋಣ."

ತೋರಿಸಲು ಆಗುತ್ತಿರಲಿಲ್ಲ. ಆ ಯಂತ್ರ ಗುಜರಿಗೆ ಹೋಗಿತ್ತು, ನನ್ನ ಫ್ಲಾಪಿಗಳನ್ನು ಓದುವ ಇನ್ನೊಂದು ಸಿಕ್ಕಿರಲಿಲ್ಲ.

"ನಾನು ಅಳೆದದ್ದನ್ನ ಇನ್ನೊಬ್ಬ ಓದಬೇಕು ಡಾಕ್ಟ್ರೇ. ಓದೋಕಾಗದಿದ್ರೆ ಅದು ವಿಜ್ಞಾನ ಅಲ್ಲ, ಡೈರಿ. ಭಯ್ಯಾ, ಏಕ್ ಔರ್ ದೇನಾ, ಡಾಕ್ಟರ್ ಸಾಬ್ ಕಾ ಠಂಡಾ ಹೋ ಗಯಾ" ಎಂದು ನನ್ನ ಆರಿದ ಚಹಾಕ್ಕೆ ಬದಲು ಇನ್ನೊಂದು ಹೇಳಿದರು.

ವಿಜ್ಞಾನಿಗಳು ತಮ್ಮ ಹಳೆಯ ಕಂಪ್ಯೂಟರುಗಳನ್ನು ಬಚ್ಚಿಡತೊಡಗಿದರು. ಒಬ್ಬ ರಸಾಯನ ವಿಜ್ಞಾನಿ ತನ್ನದನ್ನು ಮೂಲೆಯಲ್ಲಿಟ್ಟು, ಮೇಲೆ ಕಸೂತಿಯ ಬಟ್ಟೆ ಹೊದಿಸಿ, ಅದರ ಮೇಲೊಂದು ಹೂದಾನಿ ಇಟ್ಟಿದ್ದ. ಇವರು ಹೂವನ್ನು ಹೊಗಳುತ್ತಾ ಬಟ್ಟೆಯ ಮೇಲೆ ಅಂಗೈ ಇಟ್ಟು, "ಡಾಕ್ಟರ್ ಸಾಬ್, ಆಪ್ ಕೀ ಟೇಬಲ್ ಕೋ ಬುಖಾರ್ ಹೈ" ಎಂದರು, ಮೇಜಿಗೆ ಜ್ವರ ಬಂದಿದೆ ಎಂದು. ಆ ಕೋಣೆಯಲ್ಲಿ ನಾನಿದ್ದೆ. ಇದು ನಿಜವಾಗಿ ನಡೆದದ್ದು.

ವಿನಾಯಿತಿ ಇದ್ದದ್ದು ಒಂದೇ. ಯಾವುದಾದರೂ ಉಪಕರಣಕ್ಕೆ ಕಟ್ಟಿಹಾಕಿದ, ಹೊಸ ಸಿಸ್ಟಂ ಹಾಕಿದರೆ ಉಪಕರಣವೇ ನಿಂತುಹೋಗುವಂಥ ಕಂಪ್ಯೂಟರನ್ನು ಮುಟ್ಟಬಾರದು. ಉಳಿದವಕ್ಕೆಲ್ಲ ಒಂದು ಶನಿವಾರ, ಭಾನುವಾರ ಗುತ್ತಿಗೆದಾರರ ಎಂಜಿನಿಯರುಗಳು ಬಂದು ಸಿ.ಡಿ. ಹಾಕುತ್ತಾರೆ. ಹಾಕಿದರೆ ಒಳಗಿದ್ದದ್ದೆಲ್ಲ ಅಳಿಸಿ ಹೊಸತು ಕೂರುತ್ತದೆ. ಅವರಿಗೆ ಕೋಣೆಯ ಗುರುತು ಇಲ್ಲ, ಮನುಷ್ಯರ ಗುರುತು ಇಲ್ಲ. ಕೈಗೆ ಕೊಟ್ಟ ಪಟ್ಟಿಯಲ್ಲಿ 'ಹಾಕಿ' ಎಂದಿದ್ದರೆ ಹಾಕುತ್ತಾರೆ, 'ಬಿಡಿ' ಎಂದಿದ್ದರೆ ಬಿಡುತ್ತಾರೆ. ಎರಡು ಕಟ್ಟಡಗಳ ಪಟ್ಟಿಯನ್ನು ಅವರೇ ಕೋಣೆ ಕೋಣೆ ತಿರುಗಿ ಮಾಡಿದರು. ಮೂರನೆಯದನ್ನು ನನಗೆ ಕೊಟ್ಟರು.

"ಬಾಗಿಲು ತಟ್ಟಿ, ಒಳಗೆ ಹೋಗಿ, ತಿರುಗಿಸಿ ನೋಡಿ, ಆಮೇಲೆ ಬರೀರಿ. ರಿಜಿಸ್ಟರ್ ನೋಡ್ಕೊಂಡು ಬರೀಬೇಡಿ. ರಿಜಿಸ್ಟರ್ ಬರೆದಿರೋರೂ ನಮ್ಮಂಥೋರೇ."

ಆ ಚಳಿಗಾಲದಲ್ಲಿ ರಜೆಯ ದಿನಗಳಂದು ನನ್ನನ್ನು ಕಿದ್ವಾಯಿ ನಗರದ ತಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ಊಟಕ್ಕೆ ಕರೆಯುತ್ತಿದ್ದರು. ಎರಡು ಕೋಣೆಯ ಮನೆ. ವರಾಂಡದ ಬಿಸಿಲಿನಲ್ಲಿ ಮಗಳು ಹನ್ನೊಂದನೇ ತರಗತಿಯ ಪುಸ್ತಕ ಹರಡಿಕೊಂಡಿರುತ್ತಿದ್ದಳು. ಶಾಲೆ ಸರೋಜಿನಿ ನಗರದಲ್ಲಿ, ನಡೆದು ಹೋಗುವಷ್ಟು ಹತ್ತಿರ. ಏಪ್ರಿಲ್‌ನಲ್ಲಿ ಅವರ ನಿವೃತ್ತಿ. ಆದರೆ ಸ್ಟ್ಯಾಂಡರ್ಡ್ ಕೆಲಸ ಪೂರ್ತಿ ಮಾಡಲು ಸೇವೆಯನ್ನು ಎರಡು ವರ್ಷ ವಿಸ್ತರಿಸುವ ಮಾತು ನಡೆದಿತ್ತು. "ಎಕ್ಸ್‌ಟೆನ್ಷನ್ ಸಿಕ್ಕಿದ್ರೆ ಇವಳ ಟ್ವೆಲ್ತು ಈ ಮನೇಲೇ ಮುಗಿಯುತ್ತೆ. ಇಲ್ದಿದ್ರೆ ಖಾಲಿ ಮಾಡ್ಬೇಕು" ಎಂದು ಅವರ ಹೆಂಡತಿ ನನ್ನ ತಟ್ಟೆಗೆ ಅನ್ನ ಬಡಿಸುತ್ತಾ ಹೇಳಿದ್ದು ನೆನಪಿದೆ. "ಸಿಗುತ್ತೆ ಬಿಡೇ, ಡಾಕ್ಟ್ರು ಇದಾರಲ್ಲ ಜೊತೆಗೆ" ಎಂದು ಅವರು ನಕ್ಕಿದ್ದೂ.

ಮೂರನೇ ಕಟ್ಟಡದ ನೆಲ ಅಂತಸ್ತಿನ ಕೊನೆಯ ಕೋಣೆ ಒಬ್ಬ ಬಂಗಾಳಿ ಮೇಡಂ ಅವರದು. ಮಾಳಿಗೆಯ ಮೇಲೆ ಅವರ ಉಪಕರಣವಿತ್ತು. ಅದು ದೆಹಲಿಯ ಗಾಳಿಯನ್ನು ತೂರಿಕೊಂಡು ಬರುವ ಬಿಸಿಲನ್ನು ಐದು ನಿಮಿಷಕ್ಕೊಮ್ಮೆ ಅಳೆದು ಕೆಳಗಿನ ಕಂಪ್ಯೂಟರಿಗೆ ಕಳಿಸುತ್ತಿತ್ತು. ಆರು ವರ್ಷದ ಅಳತೆ ಆ ಒಂದೇ ಯಂತ್ರದಲ್ಲಿತ್ತು. ಅದು ಎಷ್ಟು ಹಳತೆಂದರೆ, ಸಿ.ಡಿ. ಓದುತ್ತಿತ್ತೇ ಹೊರತು, ಬೇರೆ ಕಡೆಗೆ ನಕಲು ತೆಗೆಯಲು ಅದಕ್ಕೆ ಏನನ್ನೂ ಜೋಡಿಸಲಾಗುತ್ತಿರಲಿಲ್ಲ.

ಆ ಕೋಣೆಗೆ ನಾನು ಹೋಗಿದ್ದೆನೇ? ಒಂದು ನೆನಪಿನಲ್ಲಿ ಹೋಗಿದ್ದೇನೆ. ಬಾಗಿಲಿಗೆ ಹಿತ್ತಾಳೆಯ ಬೀಗವಿದೆ, ಮೇಡಂ ಮಾಳಿಗೆಯಲ್ಲಿದ್ದಾರೆಂದು ಯಾರೋ ಹೇಳುತ್ತಾರೆ, ನಾಳೆ ಬರೋಣವೆಂದು ತಿರುಗುತ್ತೇನೆ. ಇನ್ನೊಂದು ನೆನಪಿನಲ್ಲಿ ಅದೇ ಮಧ್ಯಾಹ್ನ ನಾನು ಸರೋಜಿನಿ ನಗರದ ಮಾರುಕಟ್ಟೆಯಲ್ಲಿ ಸ್ವೆಟರ್ ಆರಿಸುತ್ತಿದ್ದೇನೆ. ಬೀಗವಂತೂ ಆ ಕಟ್ಟಡದ ಪ್ರತಿ ಬಾಗಿಲಿಗೂ ಅಂಥದ್ದೇ ಇತ್ತು. ಸ್ವೆಟರ್ ಇವತ್ತಿಗೂ ನನ್ನ ಬೀರುವಿನಲ್ಲಿದೆ. ಯಾವುದಕ್ಕೆ ಪುರಾವೆ ಹೆಚ್ಚು ಎಂದು ಬೇರೆಯವರ ವಿಷಯವಾಗಿದ್ದರೆ ಸುಲಭವಾಗಿ ಹೇಳುತ್ತಿದ್ದೆ.

ಕೂತಲ್ಲೇ ಪಟ್ಟಿ ಮುಗಿಸಿದೆ ಎಂಬುದಷ್ಟೇ ಖಚಿತ. ಕಂಪ್ಯೂಟರುಗಳ ರಿಜಿಸ್ಟರಿನಲ್ಲಿ ಆ ಕೋಣೆಗೆ ಒಂದೇ ಒಂದು ಯಂತ್ರವಿತ್ತು, ಪತ್ರ ಟೈಪು ಮಾಡುವ ಸಾಧಾರಣ ಯಂತ್ರ. ಎದುರಿಗೆ 'ಹಾಕಿ' ಎಂದು ಬರೆದೆ. ಬಿಸಿಲಿನ ಕಂಪ್ಯೂಟರು ಆ ರಿಜಿಸ್ಟರಿನಲ್ಲಿ ಇರಲೇ ಇಲ್ಲ. ಅದು ಉಪಕರಣದ ಜೊತೆ ಬಂದದ್ದರಿಂದ, ನಮ್ಮ ಸಂಸ್ಥೆಯ ಪದ್ಧತಿಯಂತೆ, ಉಪಕರಣಗಳ ರಿಜಿಸ್ಟರಿನಲ್ಲಿ ಸ್ಟ್ಯಾಂಡು, ತಂತಿ, ಮಳೆಗೆ ಹೊದಿಸುವ ಹೊದಿಕೆಗಳ ಸಾಲಿನಲ್ಲಿ ಒಂದು ಬಿಡಿಭಾಗವಾಗಿ ಕೂತಿತ್ತು. ಟೈಪು ಮಾಡುವ ಯಂತ್ರ ಕೆಟ್ಟು ಆ ವಾರ ರಿಪೇರಿಗೆ ಹೋಗಿತ್ತು. ಎಂಜಿನಿಯರುಗಳು ಶನಿವಾರ ಬಂದರು. ಪಟ್ಟಿಯಲ್ಲಿ ಒಂದು ಕಂಪ್ಯೂಟರ್, ಕೋಣೆಯಲ್ಲಿ ಒಂದು ಕಂಪ್ಯೂಟರ್. ಲೆಕ್ಕ ಸರಿಹೋಯಿತು. ಸಿ.ಡಿ. ಹಾಕಿದರು.

ಸೋಮವಾರ ನಿರ್ದೇಶಕರ ಕೋಣೆಯಲ್ಲಿ ಮೇಡಂ ಅಳಲಿಲ್ಲ. "ಛೇ ಸಾಲ್, ಸರ್. ಛೇ ಸಾಲ್" ಎಂದು ಆರು ವರ್ಷದ ಲೆಕ್ಕವನ್ನು ಎರಡು ಸಲ ಹೇಳಿ, ತಮ್ಮ ಕೈಯ ನೋಟ್‌ಬುಕ್ಕನ್ನು ತೆರೆದು ಮುಚ್ಚಿದರು.

ನಿರ್ದೇಶಕರು ಪಟ್ಟಿಯನ್ನು ಎತ್ತಿ ಹಿಡಿದು, "ಯೇ ಲಿಸ್ಟ್ ಕಿಸ್‌ನೇ ಬನಾಯೀ?" ಎಂದು ಮಾಡಿದವರು ಯಾರೆಂದು ಕೇಳಿದರು.

"ಮೈನೇ", ತಾವೇ ಎಂದರು ಅವರು. ನನ್ನ ಕಡೆ ನೋಡಲೂ ಇಲ್ಲ.

ನಾನು ಆಗ ಕುರ್ಚಿಯಿಂದ ಅರ್ಧ ಎದ್ದಿದ್ದೆ, ಹೇಳಲು ಬಾಯಿ ತೆರೆದಿದ್ದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಆದರೆ ಆ ಕೋಣೆಯಲ್ಲಿ ಪ್ರೊಬೇಷನ್‌ನವರಿಗೆ ಕುರ್ಚಿ ಕೊಡುತ್ತಿರಲಿಲ್ಲ. ನಾನು ಬಾಗಿಲ ಬಳಿ ನಿಂತಿದ್ದೆ. ನಿಂತವನು ಅರ್ಧ ಏಳುವುದು ಹೇಗೆ?

ಹೊರಗೆ ಬಂದ ಮೇಲೆ, "ಸರ್, ನಾನು ಹೋಗಿ ಹೇಳಿಬಿಡ್ತೀನಿ" ಎಂದೆ.

"ಏನಂತ?"

"ಪಟ್ಟಿ ನಂದು ಅಂತ. ಕೋಣೆ ನೋಡದೆ ಬರೆದೆ ಅಂತ."

ಅವರು ಮೆಟ್ಟಿಲ ಹತ್ತಿರ ನಿಂತರು. "ನೋಡದೆ ಬರೆದ್ರಿ ಅಂದ್ರೆ ಮೂರನೇ ಬಿಲ್ಡಿಂಗ್ ಪಟ್ಟಿ ಪೂರ್ತಿ ಸುಳ್ಳು ಅಂತಾರೆ. ಆಮೇಲೆ ಮೊದಲನೇದು, ಎರಡನೇದೂ ಸುಳ್ಳು ಅಂತಾರೆ. ಹೂದಾನಿ ಇಟ್ಟೋರೆಲ್ಲ ಕಾಯ್ತಾ ಇದಾರೆ ಡಾಕ್ಟ್ರೇ, ನಾಳೆಗೇ ಆರ್ಡರ್ ವಾಪಸ್. ಮುದುಕ ಒಂದು ಕಡೆ ಎಡವಿದ ಅಂದ್ರೆ ಅಲ್ಲಿಗೆ ಮುಗೀತು. ಚಲೋ, ಊಟಕ್ಕೆ ಹೋಗಿ."

ಈ ಮಾತನ್ನು ನಾನು ಎಷ್ಟು ವರ್ಷ ಹಿಡಿದು ಅಲ್ಲಾಡಿಸಿದ್ದೇನೋ. ಅವರು ಉಳಿಸಿದ್ದು ನನ್ನನ್ನೋ, ಸ್ಟ್ಯಾಂಡರ್ಡನ್ನೋ? ನನ್ನನ್ನು ಎಂದಾದರೆ ನಾನು ತೀರಿಸಲಾಗದ ಋಣದಲ್ಲಿದ್ದೇನೆ. ಸ್ಟ್ಯಾಂಡರ್ಡನ್ನು ಎಂದಾದರೆ ನಾನು ಅವರ ಯೋಜನೆಯ ಒಂದು ಬಿಡಿಭಾಗ ಅಷ್ಟೆ, ಋಣವೇ ಇಲ್ಲ. ಎರಡನೆಯದನ್ನು ನಂಬಿದಾಗ ನಿದ್ದೆ ಚೆನ್ನಾಗಿ ಬರುತ್ತಿತ್ತು. ಹಾಗೆ ನಿದ್ದೆ ಬರಿಸುವ ವಾದವನ್ನು ಅನುಮಾನಿಸಬೇಕೆಂದೂ ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು.

ಅಳಿಸಿದ್ದನ್ನು ಮರಳಿ ತೆಗೆಯಲು ಅವರು ವಾರಗಟ್ಟಲೆ ಹೆಣಗಿದರು. ಚೂರುಪಾರು ಬಿಟ್ಟರೆ ಏನೂ ಸಿಗಲಿಲ್ಲ. ಆದರೆ ಮೇಡಂ ದಿನದ ನಡುಹಗಲಿನ ಅಳತೆಯೊಂದನ್ನು ಅಭ್ಯಾಸಬಲದಿಂದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಆ ಚಳಿಗಾಲ ಮುಗಿಯುವವರೆಗೆ ಊಟದ ಬಿಡುವಿನಲ್ಲಿ ಇಬ್ಬರೂ ಆ ಕೊನೆಯ ಕೋಣೆಯಲ್ಲಿ ಕೂತಿರುತ್ತಿದ್ದರು. ಮೇಡಂ ಒಂದೊಂದು ದಿನದ ಬಿಸಿಲನ್ನು ಗಟ್ಟಿಯಾಗಿ ಓದುವರು, ಇವರು ಎರಡು ಬೆರಳಿನಲ್ಲಿ ಕುಟ್ಟುವರು. ಒಮ್ಮೆ ಬಾಗಿಲಲ್ಲಿ ನಿಂತು, "ಸರ್, ನಾನು ಟೈಪ್ ಮಾಡ್ಲಾ, ಬೇಗ ಆಗುತ್ತೆ" ಎಂದೆ.

"ಬೇಡ. ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದರು. ಡಾಕ್ಟ್ರೇ ಎನ್ನಲಿಲ್ಲ.

ಅವರಿಗೆ ಎಚ್ಚರಿಕೆಯ ಪತ್ರ ಬಂತು. ಸೇವಾ ವಿಸ್ತರಣೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಏಪ್ರಿಲ್‌ನಲ್ಲಿ ಹಾರ ಹಾಕಿ ಕಳಿಸಿದರು. ಅವರ ಕಾರ್ಯನಿಷ್ಠೆಯ ಬಗ್ಗೆ ಭಾಷಣ ಮಾಡಿದವರಲ್ಲಿ ನಾನೂ ಒಬ್ಬ. ನನ್ನ ನೌಕರಿ ಖಾಯಂ ಆಯಿತು. ಮಳೆಗಾಲದಲ್ಲಿ ಅವರು ಕ್ವಾರ್ಟರ್ಸ್ ಖಾಲಿ ಮಾಡಿ ನೋಯ್ಡಾದಲ್ಲಿ ಬಾಡಿಗೆಗೆ ಹೋದರು. ಹನ್ನೆರಡನೇ ತರಗತಿಯ ಮಗಳು ಇನ್ನೂ ಬೆಳಕು ಹರಿಯುವ ಮೊದಲೇ ಎದ್ದು, ಎರಡು ಬಸ್ಸು ಬದಲಿಸಿ ಶಾಲೆಗೆ ಬರತೊಡಗಿದಳು.

ಆ ಮನೆಗೆ ನಾನು ಮೂರು ಸಲ ಹೋದೆ. ಪ್ರತಿ ಸಲವೂ ಕಾಫಿ ಬಂತು, ಕುಶಲ ಪ್ರಶ್ನೆ ಬಂತು, ಆಮೇಲೆ ಸುಮ್ಮನಾದರು. ಮಾತಿನಲ್ಲಿ ಅಷ್ಟು ಚುರುಕಾಗಿದ್ದವರು ನನ್ನೆದುರು ಕೈಕಟ್ಟಿ ಕೂತು ಏನನ್ನೂ ಹೇಳದೆ ಇರುತ್ತಿದ್ದರು. ನಿವೃತ್ತಿ ಮನುಷ್ಯನನ್ನು ಹೀಗೂ ಮಾಡುತ್ತದೆ ಎಂದುಕೊಂಡೆ. ನಾಲ್ಕನೇ ಸಲ ಹೋಗಲಿಲ್ಲ. ಈಗ ನೆಲಮಾಳಿಗೆಯಲ್ಲಿ ಅವರು ಕೂರುತ್ತಿದ್ದ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಸ್ಟ್ಯಾಂಡರ್ಡ್ ಉಳಿದಿದೆ, ಮೂರು ಕಟ್ಟಡಗಳಲ್ಲೂ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುತ್ತಾರೆ.

ಮಗಳ ಫೋನ್ ಬಂದ ಮಾರನೆಯ ದಿನ ನಾನು ಕಚೇರಿಯ ದಾಖಲೆ ಕೋಣೆಗೆ ಹೋದೆ. ಆ ಕಡತ ತೆಗೆಸಿ, ಪಟ್ಟಿ ನನ್ನದೆಂದು ಒಂದು ಟಿಪ್ಪಣಿ ಬರೆದು ಸೇರಿಸಿದರೆ, ಸಂಘದ ಪತ್ರಿಕೆಯಲ್ಲಿ ಬರೆಯದೆಯೂ ಕೆಲಸ ಮುಗಿಯುತ್ತದೆ ಎಂಬ ಲೆಕ್ಕ.

"ವೋ ತೋ ಗಯೀ ಸರ್" ಎಂದ ಗುಮಾಸ್ತ. ಇಂತಿಷ್ಟು ವರ್ಷವಾದ ಕಡತಗಳನ್ನು ನಿಯಮದಂತೆ ನಾಶ ಮಾಡಿದ್ದರು. "ಕೋಯೀ ಪ್ರಾಬ್ಲಂ ಥೀ ಕ್ಯಾ?"

"ನಹೀ" ಎಂದೆ.

ತಪ್ಪೊಪ್ಪಿಗೆಯನ್ನು ಸಲ್ಲಿಸಲು ಕಡತವೇ ಇಲ್ಲ. ಆದ್ದರಿಂದ ಇಲ್ಲಿಯವರೆಗಿನದನ್ನು ಬರೆದೆ. ಬರೆದ ಮೇಲೆ, ಮಗಳಿಗೆ ತಿಳಿಸದೆ ಅಚ್ಚಿಗೆ ಕೊಡುವುದು ಇನ್ನೊಂದು ಕಳ್ಳತನವಾಗುತ್ತದೆ ಎನಿಸಿ, ಹೋದ ಭಾನುವಾರ ಮೆಟ್ರೋ ಹತ್ತಿ ನೋಯ್ಡಾಕ್ಕೆ ಹೋಗಿ, ತಾಯಿ ಮಗಳನ್ನು ಎದುರಿಗೆ ಕೂರಿಸಿಕೊಂಡು ಓದಿದೆ.

'ಆ ತಪ್ಪು ಅವರದಲ್ಲ, ನನ್ನದು' ಎಂಬಲ್ಲಿಗೆ ಬಂದಾಗ ಮಗಳು ತಾಯಿಯ ಕಡೆ ತಿರುಗಿದಳು. ಅಮ್ಮ ತಲೆ ತಗ್ಗಿಸಿ ಸೆರಗಿನ ಅಂಚನ್ನು ನೇವರಿಸುತ್ತಿದ್ದರು. ನಾನು ಕೊನೆಯವರೆಗೂ ಓದಿದೆ.

"ಮಮ್ಮೀ, ಆಪ್‌ಕೋ ಪತಾ ಥಾ?"

"ಗೊತ್ತಿತ್ತು. ಆವತ್ತೇ ಹೇಳಿದ್ರು" ಎಂದರು ಅಮ್ಮ.

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಸುಮ್ನಿರ್ತಿದ್ಯಾ? ಇವರು ಮನೆಗೆ ಬಂದಾಗ ಮುಖಕ್ಕೇ ಅಂದುಬಿಡ್ತಿದ್ದೆ. ಬೇಡ ಅಂದ್ರು ನಿಮ್ಮಪ್ಪ." ಆಮೇಲೆ ನನ್ನ ಕಡೆ ನೋಡಿದರು. "ಆ ಹುಡುಗ ಒಂದಿನ ತಾನೇ ಹೇಳ್ತಾನೆ ನೋಡು ಅಂತಿದ್ರು. ನೀವು ಬಂದಾಗಲೆಲ್ಲ ಕಾಯ್ಕೊಂಡು ಕೂತಿರೋರು. ಹೇಳಿದ್ರೆ ಏನು ಮಾಡ್ತೀರಿ ಅಂತ ಕೇಳ್ದೆ. ಏನಿಲ್ಲ, ಮಗಳನ್ನ ಕರೀತೀನಿ, ಇನ್ನೊಂದ್ಸಲ ಹೇಳಿ ಅಂತೀನಿ ಅಂದ್ರು."

ಮಗಳು ನನ್ನ ಕಡೆ ತಿರುಗಿದಳು.

"ಅಂಕಲ್, ಟ್ವೆಲ್ತ್‌ನಲ್ಲಿ ಪೂರಾ ಸಾಲ್ ನಾನು ಪಪ್ಪಾ ಹತ್ರ ಸರಿಯಾಗಿ ಬಾತ್ ಮಾಡ್ಲಿಲ್ಲ. ಬಸ್ಸಲ್ಲಿ ನಿಂತ್ಕೊಂಡು ಮನೆಗೆ ಬಂದು, ಆಪ್ ಕೀ ಗಲ್ತಿಗೆ ಸಜಾ ನಂಗ್ಯಾಕೆ, ಅಂತ ಒಂದಿನ ಅವರಿಗೆ ಅಂದೂಬಿಟ್ಟೆ. ಅವರು, ಹಾಂ ಬೇಟಾ, ಅಂದ್ರು ಅಷ್ಟೇ." ಅವಳ ದನಿ ಏರಲಿಲ್ಲ. "ನೀವು ಮೂರು ಸಲ ಬಂದ್ರಲ್ಲ. ಒಂದ್ಸಲ ಹೇಳಿದ್ರೆ ನಾನು ಅವರಿಗೆ ಸಾರಿ ಹೇಳ್ತಿದ್ದೆ."

ಅದಕ್ಕೆ ಕೊಡಬಹುದಾದ ಉತ್ತರಗಳನ್ನು ಆಮೇಲೆ ಮನೆಗೆ ಬಂದು ಬರೆದು ನೋಡಿದೆ. ಪ್ರೊಬೇಷನ್, ಮೆಟ್ಟಿಲ ಬಳಿ ಅವರು ಆಡಿದ ಮಾತು, ನನ್ನ ನೆನಪಿನ ದೋಷ. ಎಲ್ಲವನ್ನೂ ಹೊಡೆದುಹಾಕಿದ್ದೇನೆ.

"ಛಾಪ್ ದೀಜಿಯೇ. ಪೂರಾ ಕಾ ಪೂರಾ" ಎಂದು ಅಷ್ಟನ್ನೂ ಅಚ್ಚು ಮಾಡಿಸಲು ಹೇಳಿ ಅವಳು ಎದ್ದು ಬಾಲ್ಕನಿಗೆ ಹೋದಳು. ಗಾಜಿನ ಬಾಗಿಲು ಎಳೆದುಕೊಂಡಳು.

ನಾನೂ ಎದ್ದೆ. "ಕೂತ್ಕೊಳ್ಳಿ, ಊಟದ ಹೊತ್ತು" ಎಂದರು ಅಮ್ಮ. ಬೇಡ ಎನ್ನಲು ನನಗೆ ಯಾವ ಹಕ್ಕಿತ್ತು? ಅವರು ಮೂರು ತಟ್ಟೆ ಇಟ್ಟು, ಮೂರಕ್ಕೂ ಅನ್ನ ಬಡಿಸಿ, ಸಾರು ಹಾಕಿದರು. ಗಾಜಿನ ಆಚೆ ಅವಳು ಬೆನ್ನು ಹಾಕಿ ನಿಂತಿದ್ದಳು. ಅಮ್ಮ ಕರೆಯಲಿಲ್ಲ. ಅವಳು ಬರುವ ತನಕ ಕೈ ಹಾಕುವಂತಿರಲಿಲ್ಲ, ಎದ್ದು ಹೋಗುವಂತೆಯೂ ಇರಲಿಲ್ಲ. ಸಾರು ಆರಿ ತಣ್ಣಗಾಗುವವರೆಗೆ ನಾವಿಬ್ಬರೂ ಹಾಗೇ ಕೂತಿದ್ದೆವು.